ಸಂಗೀತ ಪತ್ರಿಕೆಯ ಮುಖಪುಟ: ಛಾಯಾಚಿತ್ರವೋ, ರೇಖಾಚಿತ್ರವೋ?

ಬೆಳಗಾವಿಯ ಸಂಗೀತ ಬಳಗವೊಂದು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ವಿಶೇಷ ಸಂಚಿಕೆಯನ್ನು ತರುವುದಾದರೆ ಮುಖಪುಟಕ್ಕೆ ಎರಡು ದಾರಿಗಳಿವೆ: ಪುಟ ತುಂಬುವ ಛಾಯಾಚಿತ್ರ, ಇಲ್ಲವೇ ತಂಬೂರಿಯ ರೇಖಾಚಿತ್ರ.

ಓದುಗರ ನೋಟ ಮೊದಲು ನಿಲ್ಲುವುದು ಚಿತ್ರದಲ್ಲಿರುವ ಮುಖದ ಕಣ್ಣುಗಳ ಮೇಲೆ. ಆದ್ದರಿಂದ ಛಾಯಾಚಿತ್ರವು ದೂರದಿಂದಲೇ ಸಂಚಿಕೆ ಯಾರದೆಂದು ಹೇಳಿಬಿಡುತ್ತದೆ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಈ ಗಾಯಕರ ಮುಖವನ್ನು ನಮ್ಮ ಭಾಗದ ರಸಿಕರಿಗೆ ಪರಿಚಯಿಸಬೇಕಾಗಿಲ್ಲ. ಆದರೆ ಎ4 ಪುಟವನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆಗಳಂತೆ) ಮುದ್ರಿಸಲು ಸುಮಾರು 2480 × 3508 ಪಿಕ್ಸೆಲ್‌ಗಳ ಚಿತ್ರ ಬೇಕು. ಮೊಬೈಲಿನಲ್ಲಿ ಹಂಚಿಕೆಯಾಗುತ್ತ ಬಂದ ಹಳೆಯ ಚಿತ್ರವನ್ನು ಅಷ್ಟಕ್ಕೆ ಹಿಗ್ಗಿಸಿದರೆ ಮುಖ ಮಸುಕಾಗುತ್ತದೆ. ಇಂಗ್ಲಿಷ್ ಪತ್ರಿಕೆಗಳಂತೆ ತಲೆಯನ್ನು ಶೀರ್ಷಿಕೆಯ ಮುಂದೆ ತರುವ ವಿನ್ಯಾಸವೂ ಕನ್ನಡಕ್ಕೆ ಸುಲಭವಾಗಿ ಒಗ್ಗುವುದಿಲ್ಲ, ಏಕೆಂದರೆ ಒಂದು ಒತ್ತಕ್ಷರವೋ ಗುಣಿತದ ಚಿಹ್ನೆಯೋ ಮರೆಯಾದರೆ ಪದವೇ ಬೇರೆಯಾಗಿ ಕಾಣಬಹುದು. ಛಾಯಾಗ್ರಾಹಕರ ಅನುಮತಿಯಂತೂ ಬೇಕೇ ಬೇಕು.

ರೇಖಾಚಿತ್ರದ ಬಲವಿರುವುದು ಅದರ ಖಾಲಿ ಜಾಗದಲ್ಲಿ. ತಂಬೂರಿಯ ಉದ್ದನೆಯ ದಂಡಿಯನ್ನು ಓರೆಯಾಗಿ ಇರಿಸಿದರೆ ಕಣ್ಣು ಕೆಳಗಿನ ಬುರುಡೆಯಿಂದ ಮೇಲಿನ ಶೀರ್ಷಿಕೆಯವರೆಗೆ ತಾನಾಗಿಯೇ ಏರುತ್ತದೆ. ಎರಡೇ ಬಣ್ಣಗಳಲ್ಲಿಯೂ ಮುದ್ರಣ ಚೊಕ್ಕಟವಾಗಿ ಬರುತ್ತದೆ. (ತಂಬೂರಿಗೆ ಹೆಸರಾದ ಮಿರಜ್ ನಮಗೆ ಹತ್ತಿರದಲ್ಲೇ ಇರುವುದರಿಂದ ಕಲಾವಿದರು ನಿಜವಾದ ವಾದ್ಯವನ್ನು ನೋಡಿಯೇ ಬರೆಯಲಿ.) ಕೊರತೆಯೆಂದರೆ, ತಂಬೂರಿ ಎಲ್ಲ ಗಾಯಕರಿಗೂ ಸೇರಿದ್ದು, ಹೆಸರನ್ನು ದೊಡ್ಡದಾಗಿ ಬರೆಯದೆ ಸಂಚಿಕೆಯ ಗುರುತು ಸಿಗುವುದಿಲ್ಲ.

ಸ್ಪಷ್ಟವಾದ ಮೂಲಚಿತ್ರ ದೊರೆತರೆ ಛಾಯಾಚಿತ್ರವನ್ನೇ ಆರಿಸಿ, ಶೀರ್ಷಿಕೆಯನ್ನು ಮುಖದಿಂದ ದೂರವಿಡಿ. ದೊರೆಯದಿದ್ದರೆ ರೇಖಾಚಿತ್ರವೇ ಮೇಲು.