ಹಳೆ ಲೆನ್ಸಿಗೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾಡಿ ತಗೊಳ್ಳುವವರು ಇದನ್ನು ಓದಿಬಿಡಿ

ಹಳೆ ಮ್ಯಾನ್ಯುಯಲ್ ಲೆನ್ಸ್ ಇದೆ, ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹುಡುಕುತ್ತಿದ್ದೀರಾ? ಹಾಗಾದರೆ ಮಾರುವವನ ಎದುರು ‘ಹಳೆ ಲೆನ್ಸಿಗೆ ಬೇಕಾಗಿತ್ತು’ ಅಂತ ಮಾತ್ರ ಬಾಯಿ ಬಿಡಬೇಡಿ. ನಾನು ಬಿಟ್ಟೆ. 42,000 ರೂಪಾಯಿ ಕೊಟ್ಟು ಮನೆಗೆ ತಂದಿದ್ದು ನೀರು ಕುಡಿದು ಕೆಟ್ಟ ಕ್ಯಾಮೆರಾ. ಆ ಒಂದು ಮಾತು ಕೇಳಿದ ಮೇಲೇ ಆತ ಒಳಗಿನ ಕಪಾಟಿನಿಂದ ಆ ಬಾಡಿ ಹೊರಗೆ ತೆಗೆದಿದ್ದು. ಇದು ಈಗ ನೆನಪಾಗುತ್ತಿದೆ. ಮೊದಲು ಟೇಬಲ್ ಮೇಲೆ ಬೇರೆ ಬಾಡಿ ಇತ್ತು!

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮ್ಮ ದೊಡ್ಡಪ್ಪ ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟಿದ್ದರು. ಅವರ ಪೆಂಟಾಕ್ಸ್ ಕೆ1000 ಈಗ ಓಡುವುದಿಲ್ಲ, ಆದರೆ ಅದರ 50 ಎಂಎಂ ಎಫ್/1.7 ಲೆನ್ಸ್ ಇವತ್ತಿಗೂ ಗಾಜಿನಲ್ಲಿ ಒಂದು ಚುಕ್ಕೆ ಫಂಗಸ್ ಇಲ್ಲದೆ ಇದೆ. ಜೊತೆಗೆ ನಾನೇ ಸೇರಿಸಿಕೊಂಡ, ಎಂ42 ಅನ್ನುವ ತಿರುಪು ಜೋಡಣೆಯ ಎರಡು ಹಳೆ ಲೆನ್ಸು: ಒಂದು ಹೀಲಿಯೋಸ್ 44-2, ಒಂದು ಸೂಪರ್ ಟಾಕುಮರ್ 135 ಎಂಎಂ. ಇವಿಷ್ಟಕ್ಕೂ ಒಂದೇ ಬಾಡಿ ಬೇಕಿತ್ತು.

ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಯಾಕೆ ಬೇಡ ಅಂದರೆ, ಪೆಂಟಾಕ್ಸ್ ಮತ್ತು ಎಂ42 ಲೆನ್ಸುಗಳಿಗೆ ಮೌಂಟಿನಿಂದ (ಲೆನ್ಸ್ ಕೂರುವ ಬಳೆಯಿಂದ) ಚಿತ್ರ ಹಿಡಿಯುವ ಸೆನ್ಸರ್‌ಗೆ 45.46 ಮಿ.ಮೀ. ದೂರ ಇರಬೇಕು. ನಿಕಾನ್‌ನಲ್ಲಿ ಆ ದೂರ 46.5. ಬರೀ ಒಂದು ಮಿಲಿಮೀಟರ್ ಜಾಸ್ತಿ, ಅಷ್ಟಕ್ಕೇ ದೂರದ ಬೆಟ್ಟಕ್ಕೆ ಫೋಕಸ್ ಸಿಗುವುದಿಲ್ಲ. ಕ್ಯಾನನ್ ಇಎಫ್‌ನಲ್ಲಿ 44, ಎಂ42 ಕೂರುತ್ತದೆ, ಆದರೆ ಫುಲ್ ಫ್ರೇಮ್ (ಹಳೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವ) ಬಾಡಿಯಲ್ಲಿ ಕೆಲವು ಲೆನ್ಸುಗಳ ಹಿಂಭಾಗಕ್ಕೆ ಒಳಗಿನ ಕನ್ನಡಿ ಬಡಿಯುತ್ತದೆ. ಕನ್ನಡಿಯೇ ಇಲ್ಲದ ಸೋನಿ ಇ ಮೌಂಟ್ ಕ್ಯಾಮೆರಾಗಳಲ್ಲಿ ಬರೀ 18 ಮಿ.ಮೀ. ನಡುವೆ ಗಾಜಿಲ್ಲದ ಒಂದು ಕೊಳವೆ (ಅಡಾಪ್ಟರ್) ಹಾಕಿದರೆ ಮುಗೀತು. 50 ಎಂಎಂ ಲೆನ್ಸ್ 50ರಂತೆಯೇ ಕಾಣಬೇಕು ಅಂದರೆ ಫುಲ್ ಫ್ರೇಮ್ ಬೇಕು. ಬಜೆಟ್ ಒಳಗೆ ಸಿಗುವುದು ಸೋನಿ ಎ7, ಇಲ್ಲವೇ ಎ7 ಮಾರ್ಕ್ 2. ಮೊದಲನೆಯದು 2013ರದು, ಎರಡನೆಯದು 2014ರದು. ಮಾರ್ಕ್ 2ರಲ್ಲಿ ಸೆನ್ಸರ್ ತಾನೇ ಅಲುಗಾಡಿ ಕೈನಡುಕ ತಡೆಯುತ್ತದೆ. 135ಕ್ಕೆ ಅದು ಬೇಕೇ ಬೇಕು ಅಂತ ನನ್ನ ಆಸೆ.

ಎ7 ಮಾರ್ಕ್ 2 ಜಾಹೀರಾತು ನೋಡಿ ಹೋದೆ. ಬೆಂಗಳೂರಿನಲ್ಲೇ. ಅಂಗಡಿ ಅಂತ ಬೋರ್ಡ್ ಇಲ್ಲ, ಅಪಾರ್ಟ್‌ಮೆಂಟಿನ ಒಂದು ರೂಮಿನಲ್ಲಿ ಕಪಾಟಿನ ತುಂಬ ಕ್ಯಾಮೆರಾ ಇಟ್ಟುಕೊಂಡು ವ್ಯಾಪಾರ. ಮಾತು ತುಂಬಾ ನಯ. ಕಾಫಿ ಕೊಟ್ಟರು. ‘ಓ, ವಿಂಟೇಜ್ ಲೆನ್ಸಾ ಸಾರ್? ಹಾಗಾದ್ರೆ ನಿಮಗೆ ಇದಲ್ಲ, ಬೇರೆ ಪೀಸ್ ಕೊಡ್ತೀನಿ’ ಅಂತ ಎದ್ದು ಒಳಗೆ ಹೋದರು. ನನಗೋ ಖುಷಿ. ಇವರಿಗೆ ವಿಷಯ ಗೊತ್ತಿದೆ ಅಂತ.

ಗೊತ್ತಿತ್ತು. ಚೆನ್ನಾಗೇ ಗೊತ್ತಿತ್ತು.

ಬಾಡಿ ನೋಡಲು ಹೊಸದರ ಥರ. ಒಂದು ಗೀರಿಲ್ಲ. ಶಟರ್ ಕೌಂಟ್ (ಇಲ್ಲಿಯವರೆಗೆ ತೆಗೆದ ಫೋಟೋಗಳ ಲೆಕ್ಕ) ಬರೀ 9,000 ಚಿಲ್ಲರೆ. ನನ್ನ ಕೈಯಲ್ಲಿದ್ದ ಲೆನ್ಸ್ ತಾವೇ ತಗೊಂಡು ಹಾಕಿದರು. ಮೆನುವಿನಲ್ಲಿ ಲೆನ್ಸ್ ಇಲ್ಲದಿದ್ದರೂ ಶಟರ್ ಬೀಳುವ ಸೆಟ್ಟಿಂಗ್ ಮೊದಲೇ ಆನ್ ಮಾಡಿಟ್ಟಿದ್ದರು. ‘ನಿಮಗೋಸ್ಕರ ಎಲ್ಲಾ ರೆಡಿ ಮಾಡಿದ್ದೀನಿ ಸಾರ್’ ಅಂದರು. ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚಿಗೆ ಬಣ್ಣ ಹಚ್ಚಿ ತೋರಿಸುವುದು) ಕೆಂಪು ಬಣ್ಣಕ್ಕೆ ಇಟ್ಟು, ಕಾಫಿ ಲೋಟದ ಅಂಚು ಕೆಂಪಗೆ ಮಿನುಗುವುದನ್ನು ತೋರಿಸಿದರು. ಎಫ್/1.7ರಲ್ಲಿ, ಅಂದರೆ ಲೆನ್ಸ್ ಪೂರ್ತಿ ತೆರೆದು, ಲೋಟದ ಫೋಟೋ ತೆಗೆದರು. ಹಿಂದೆ ಎಲ್ಲಾ ಮಸುಕು, ಲೋಟ ಚೂಪು. ಸೂಪರ್ ಅಂದೆ. ಆಟೋಫೋಕಸ್ ಲೆನ್ಸ್ ಹಾಕಿ ತೋರಿಸಿ ಅಂತ ಕೇಳಿಯೂ ಇದ್ದೆ. ‘ಈಗಷ್ಟೇ ಒಂದು ಲೆನ್ಸ್ ರೆಂಟಿಗೆ ಹೋಯ್ತು ಸಾರ್, ನಿಮಗೇನು ಅದರ ಅವಶ್ಯಕತೆ?’ ಅಂದರು. ಬಿಲ್ ಅಂದರೆ ಒಂದು ಚೀಟಿ. ಅದರಲ್ಲಿ ಸೀರಿಯಲ್ ನಂಬರ್ ಇಲ್ಲ, ‘ನೋ ರಿಟರ್ನ್’ ಅಂತ ಮಾತ್ರ ದಪ್ಪಕ್ಷರದಲ್ಲಿದೆ.

ಮೊದಲ ಕೆಲವು ದಿನ ನಾನು ಆಕಾಶದಲ್ಲಿದ್ದೆ. ಲಾಲ್‌ಬಾಗ್‌ಗೆ ಹೋದೆ, ಹೀಲಿಯೋಸ್‌ನಲ್ಲಿ ಎಲೆಗಳ ಹಿನ್ನೆಲೆ ಸುಳಿಸುಳಿಯಾಗಿ ಬಂತು, ಸ್ಟೇಟಸ್‌ಗೆ ಹಾಕಿದೆ. ಫೋಟೋದ ಬಲಗಡೆ ಯಾಕೋ ಸ್ವಲ್ಪ ಮಂಕು ಅಂತ ಅನಿಸಿತ್ತು. ಮಾರಿದವರಿಗೆ ಕಳಿಸಿ ಕೇಳಿದೆ. ‘ಅದೇ ಸಾರ್ ಹಳೆ ಲೆನ್ಸಿನ ಕ್ಯಾರೆಕ್ಟರ್! ಕಾರ್ನರ್ ಸಾಫ್ಟ್ ಇರುತ್ತೆ’ ಅಂತ ಉತ್ತರ, ಜೊತೆಗೆ ಒಂದು ನಗುವ ಮುಖ. ಹಳೆ ಲೆನ್ಸ್ ಪೂರ್ತಿ ತೆರೆದಾಗ ಮೂಲೆ ಮಂಕಾಗುವುದು ನಿಜವೇ. ಹಾಗಾಗಿ ಇದೇ ಮಾತನ್ನು ನಾನು ನಾಲ್ಕು ಜನಕ್ಕೆ ಹೇಳಿಕೊಂಡು ಓಡಾಡಿದೆ. ‘ಕ್ಯಾರೆಕ್ಟರ್ ನೋಡ್ರಿ, ಕ್ಯಾರೆಕ್ಟರ್’ ಅಂತ. ಈಗ ಅವರ ಮುಖ ನೋಡಲು ನಾಚಿಕೆ.

ಗೆಳೆಯನೊಬ್ಬ ಮನೆಗೆ ಬಂದ. ಅವನದೂ ಸೋನಿ. ‘ಕೊಡು, ನನ್ನ ಲೆನ್ಸ್ ಹಾಕಿ ನೋಡೋಣ’ ಅಂತ ಅವನ 28-70 ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವ ಆಟೋಫೋಕಸ್ ಲೆನ್ಸ್) ಹಾಕಿದ. ಸ್ಕ್ರೀನ್ ಕೆಳಗೆ ಅಪರ್ಚರ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಎಫ್ ಅಂಕಿ) ತೋರಿಸುವ ಜಾಗ ಇದೆಯಲ್ಲ, ಅಲ್ಲಿ ಹಳೆ ಲೆನ್ಸ್ ಹಾಕಿದಾಗ ‘ಎಫ್’ ಅಕ್ಷರದ ಮುಂದೆ ಎರಡು ಅಡ್ಡಗೆರೆ ಇರುತ್ತದೆ. ಕ್ಯಾಮೆರಾಗೆ ಲೆನ್ಸ್ ಯಾವುದು ಅಂತ ಗೊತ್ತಾಗುವುದಿಲ್ಲ, ಅದಕ್ಕೆ. ಕಿಟ್ ಲೆನ್ಸ್ ಹಾಕಿದರೆ ಅಲ್ಲಿ 3.5 ಅಂತ ಬರಬೇಕು. ಬರಲಿಲ್ಲ. ಎಫ್, ಅಡ್ಡಗೆರೆ, ಅಡ್ಡಗೆರೆ. ಆಫ್ ಮಾಡಿ ಆನ್ ಮಾಡಿದೆವು. ಅದೇ. ಲೆನ್ಸ್ ತೆಗೆದು, ಬಾಡಿಯಿಂದ ಲೆನ್ಸಿಗೆ ಕರೆಂಟ್, ಮಾಹಿತಿ ಹೋಗುವ ಕಾಂಟ್ಯಾಕ್ಟ್ ಪಿನ್ನುಗಳನ್ನು ಒರೆಸಿ ಮತ್ತೆ ಹಾಕಿದೆವು. ಅದೇ. ಫೋಕಸ್ ರಿಂಗ್ ತಿರುಗಿಸಿದರೂ ಚಿತ್ರ ಕದಲಲಿಲ್ಲ, ಯಾಕೆಂದರೆ ಆ ಲೆನ್ಸಿನ ರಿಂಗ್‌ಗೂ ಕ್ಯಾಮೆರಾದಿಂದಲೇ ಕರೆಂಟ್ ಹೋಗಬೇಕು. ಅದೇ ಲೆನ್ಸ್ ಅವನ ಬಾಡಿಗೆ ಹಾಕಿದರೆ ಠಕ್ಕಂತ 3.5. ಗೆಳೆಯ ಏನೂ ಮಾತಾಡಲಿಲ್ಲ. ನನ್ನ ಮುಖ ನೋಡಿ ‘ಎಷ್ಟು ಕೊಟ್ಟೆ ಮಾರಾಯ?’ ಅಂದ. ನಾನು ಸ್ಕ್ರೀನ್ ನೋಡುತ್ತಾ ಕೂತೆ. ಆ ಎರಡು ಗೆರೆಗಳನ್ನು ತಂದ ದಿನದಿಂದ ನೋಡುತ್ತಲೇ ಇದ್ದೇನೆ! ಲೆನ್ಸ್ ಹಳೇದು, ಅದಕ್ಕೇ ಗೆರೆ ಅಂತ ಅಂದುಕೊಂಡು. ಕಾಂಟ್ಯಾಕ್ಟ್ ಸತ್ತಿದ್ದರೂ ಅದೇ ಗೆರೆ. ಹಳೆ ಲೆನ್ಸ್ ಹಾಕಿ ಎಷ್ಟು ಪರೀಕ್ಷೆ ಮಾಡಿದರೂ ಇದು ಗೊತ್ತಾಗುವ ದಾರಿಯೇ ಇಲ್ಲ. ಲೆನ್ಸ್ ಇಲ್ಲದಿದ್ದರೂ ಶಟರ್ ಬೀಳುವ ಆ ಸೆಟ್ಟಿಂಗ್ ಬೇರೆ ಆನ್ ಇದ್ದಿದ್ದರಿಂದ ಲೆನ್ಸ್ ಗುರುತು ಸಿಗುತ್ತಿಲ್ಲ ಅಂತ ಕ್ಯಾಮೆರಾ ದೂರು ಹೇಳಲೂ ಇಲ್ಲ. ‘ನಿಮಗೋಸ್ಕರ ರೆಡಿ ಮಾಡಿದ್ದೀನಿ ಸಾರ್’. ಹೌದು ಸ್ವಾಮಿ, ಮಾಡಿದ್ದಿರಿ.

ಆಮೇಲೆ ಬಲಗಡೆಯ ಮಂಕಿನ ಮೇಲೂ ಅನುಮಾನ ಬಂತು. ಪ್ರಜಾವಾಣಿಯ ಒಂದು ಹಾಳೆ ಗೋಡೆಗೆ ಅಂಟಿಸಿ, ಟ್ರೈಪಾಡ್ ನೇರ ಇಟ್ಟು, ಎಫ್/8ರಲ್ಲಿ, ಅಂದರೆ ಲೆನ್ಸಿನ ಬಾಯಿ ಕಿರಿದು ಮಾಡಿ, ತೆಗೆದೆ. ಎಡಗಡೆ ಕ್ಲಾಸಿಫೈಡ್‌ನ ಸಣ್ಣ ಅಕ್ಷರವೂ ಓದಲು ಬರುತ್ತದೆ. ಬಲಗಡೆ ಹೆಡ್ಡಿಂಗ್ ಕೂಡ ಉಬ್ಬಿದ ಹಾಗೆ. ಅಡಾಪ್ಟರ್ ಸೊಟ್ಟ ಇದ್ದರೂ ಹೀಗಾಗಬಹುದು, ಲೆನ್ಸ್ ಒಳಗಿನ ಗಾಜು ಜರುಗಿದ್ದರೂ ಹೀಗಾಗಬಹುದು. ಹಾಗಾಗಿ ಪೆಂಟಾಕ್ಸ್ ತೆಗೆದು, ಬೇರೆ ಅಡಾಪ್ಟರ್‌ನಲ್ಲಿ ಟಾಕುಮರ್ ಹಾಕಿದೆ. ಮತ್ತೆ ಬಲಗಡೆಯೇ. ಹೀಲಿಯೋಸ್ ಹಾಕಿದರೂ ಬಲಗಡೆಯೇ. ಮೂರು ಲೆನ್ಸಿಗೂ ಒಂದೇ ಕಡೆ ‘ಕ್ಯಾರೆಕ್ಟರ್’ ಇರುತ್ತಾ?

ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಬಿಚ್ಚುವ ಮೊದಲೇ ಕನ್ನಡಕ ಮೇಲೆತ್ತಿ ತಳದ ಸ್ಕ್ರೂ ತೋರಿಸಿದರು. ಎರಡರ ತಲೆ ಸವೆದಿತ್ತು. ‘ಇದನ್ನ ಯಾರೋ ಆಗಲೇ ಬಿಚ್ಚಿದ್ದಾರೆ ಸಾರ್.’ ಬಿಚ್ಚಿದರೆ ಮೌಂಟಿನ ಪಿನ್ನುಗಳಿಂದ ಬೋರ್ಡಿಗೆ ಹೋಗುವ ಪಟ್ಟಿ ಕೇಬಲ್ ತುದಿಯಲ್ಲಿ ಹಸಿರು ಕಿಲುಬು. ನೀರು. ಸೆನ್ಸರ್ ಕೂತಿರುವ ಆ ಅಲುಗಾಡುವ ತಟ್ಟೆ ಒಂದು ಬದಿಗೆ ವಾಲಿ ನಿಂತಿದೆ ಅಂದರು. ಕೈನಡುಕ ತಡೆಯುವ ನನ್ನ ಆಸೆಯ ಸ್ಟೆಬಿಲೈಸೇಷನ್ ಅಂದರೆ ಅದೇ ತಟ್ಟೆ! ಶಟರ್ ಕೌಂಟ್ 9,000 ಅನ್ನುವುದು ಸುಳ್ಳಲ್ಲ, ಫೈಲಿನ ಮಾಹಿತಿ ತೆಗೆದು ನೋಡಿದೆ, ನಿಜವೇ. ಆದರೆ ಅಷ್ಟು ಕಡಿಮೆ ಯಾಕೆ ಅಂದರೆ, ಕ್ಯಾಮೆರಾ ಅಷ್ಟರಲ್ಲೇ ನೀರಿಗೆ ಬಿದ್ದು ಮೂಲೆ ಸೇರಿತ್ತು. ನಾನು ಕೌಂಟ್ ಕಡಿಮೆ ಅಂತ ಹಿಗ್ಗಿದ್ದೆ.

ಈಗ ಆ ಕಡೆಯ ಉತ್ತರಗಳು. ಇವುಗಳಿಗೋಸ್ಕರವೇ ಇಷ್ಟು ಬರೆಯುತ್ತಿರುವುದು.

ಫೋನ್ ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಕಿಟ್ ಲೆನ್ಸ್ ಹಾಕಿದ ವಿಡಿಯೋ ಕಳಿಸಿದೆ. ಬಂದ ಉತ್ತರ: ‘ಸಾರ್ ನೀವೇ ತಾನೆ ಹೇಳಿದ್ದು ಮ್ಯಾನ್ಯುಯಲ್ ಲೆನ್ಸಿಗೆ ಅಂತ. ಮ್ಯಾನ್ಯುಯಲ್ ಲೆನ್ಸಿಗೆ ಕಾಂಟ್ಯಾಕ್ಟ್ ಯಾಕೆ?’

ಕಾಂಟ್ಯಾಕ್ಟ್ ಕೆಟ್ಟಿದೆ ಅಂತ ಮೊದಲೇ ಗೊತ್ತಿತ್ತಾ ಅಂತ ಕೇಳಿದೆ. ‘ಗೊತ್ತಿರೋ ಪ್ರಶ್ನೆ ಅಲ್ಲ ಸಾರ್. ನಿಮ್ಮ ಯೂಸ್‌ಗೆ ಪ್ರಾಬ್ಲಂ ಇಲ್ಲ ತಾನೆ?’

ಬಲಗಡೆಯ ಮಂಕಿನ ಫೋಟೋ ಕಳಿಸಿದೆ. ‘ಲೋಕಲ್ ಅಡಾಪ್ಟರ್ ಹಾಕಿದ್ರೆ ಹಾಗೇ.’ ಎರಡು ಅಡಾಪ್ಟರ್, ಮೂರು ಲೆನ್ಸ್ ಅಂದೆ. ‘ಎಲ್ಲಾ ಹಳೇವು ಅಲ್ವಾ ಸಾರ್.’

ಕೇಬಲ್ ಮೇಲಿನ ಕಿಲುಬಿನ ಫೋಟೋ ಕಳಿಸಿದಾಗ ದನಿ ಬದಲಾಯಿತು. ‘ಸಾರ್’ ಹೋಗಿ ‘ಬ್ರದರ್’ ಆಯಿತು. ‘ಬ್ರದರ್, ನೀವು ಹೊರಗಡೆ ಬಿಚ್ಚಿಸಿದ್ದೀರ. ಈಗ ನಮ್ಮ ಜವಾಬ್ದಾರಿ ಇಲ್ಲ.’ ನೀವೇ ಮೊದಲು ಬಿಚ್ಚಿದ್ದೀರಲ್ಲ ಅಂದರೆ, ‘ಪ್ರೂಫ್ ಇದೆಯಾ? ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ಶೋರೂಂ ಗಾಡಿ ಥರ ಓಡ್ಬೇಕು ಅಂದ್ರೆ ಆಗುತ್ತಾ?’ ಆಮೇಲೆ ಆ ಚೀಟಿಯ ಫೋಟೋ. ‘ನೋ ರಿಟರ್ನ್’ ಸುತ್ತ ಕೆಂಪು ವೃತ್ತ ಎಳೆದು ಕಳಿಸಿದ್ದಾರೆ. ನನ್ನ ಫೋಕಸ್ ಪೀಕಿಂಗ್‌ಗೆ ಇಟ್ಟುಕೊಟ್ಟ ಅದೇ ಕೆಂಪು.

ಇದೆಲ್ಲಕ್ಕಿಂತ ಉರಿಸಿದ್ದು ಕೊನೆಯ ಮೆಸೇಜ್. ‘ಬೇಕಾದ್ರೆ ಪಾರ್ಟ್ಸ್ ರೇಟಿಗೆ 18,000ಕ್ಕೆ ನಾನೇ ವಾಪಸ್ ತಗೋತೀನಿ.’ ಅಂದರೆ ಅದರ ನಿಜವಾದ ಬೆಲೆ ಎಷ್ಟು ಅಂತ ಆತನಿಗೆ ಮೊದಲೇ ಲೆಕ್ಕ ಇತ್ತು. ಕೊಟ್ಟರೆ ಅದೇ ಬಾಡಿ ನಾಳೆ ಇನ್ನೊಬ್ಬರ ದೊಡ್ಡಪ್ಪನ ಲೆನ್ಸಿಗೆ ಹೋಗುತ್ತದೆ. ಕೊಡಲಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಬಿಲ್ ಇದೆಯಾ ಅಂತ ಕೇಳಿದರು. ಚೀಟಿ, ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಚಾಟ್ ಇದೆ ಅಂದೆ. ದೂರು ದಾಖಲಾಗಿದೆ. ಸೀರಿಯಲ್ ನಂಬರ್ ಇಲ್ಲದ ಚೀಟಿಯಿಂದ ಇದೇ ಕ್ಯಾಮೆರಾ ಅಂತ ಹೇಗೆ ತೋರಿಸುವುದು ಅನ್ನುವುದೇ ತಲೆನೋವು.

ನೀವು ತಗೊಳ್ಳುವುದಿದ್ದರೆ, ನಿಮ್ಮ ಹಳೆ ಲೆನ್ಸ್ ಬ್ಯಾಗಿನಲ್ಲೇ ಇರಲಿ. ಯಾರ ಹತ್ತಿರವಾದರೂ ಸಾಲ ತಗೊಂಡು ಒಂದು ಆಟೋಫೋಕಸ್ ಲೆನ್ಸ್ ಒಯ್ಯಿರಿ, ಮೊದಲು ಅದನ್ನು ಹಾಕಿ. ಅಪರ್ಚರ್ ಅಂಕಿ ಬರಬೇಕು, ಫೋಕಸ್ ಓಡಬೇಕು. ಬರಲಿಲ್ಲವಾ, ಕಾಫಿ ಕುಡಿದು ಎದ್ದು ಬನ್ನಿ. ಹೊರಗೆ ಬಂದು ಎಫ್/16ರಲ್ಲಿ ಖಾಲಿ ಆಕಾಶ ತೆಗೆಯಿರಿ, ಸೆನ್ಸರ್ ಮೇಲಿನ ಗೀರು, ಕಲೆ ಎಲ್ಲಾ ಅಲ್ಲಿ ಕಾಣುತ್ತದೆ. ಎಫ್/1.7ರಲ್ಲಿ ಕಾಫಿ ಲೋಟದ ಫೋಟೋ ತೋರಿಸಿದರೆ ನಂಬಬೇಡಿ, ಎಲ್ಲಾ ಮಸುಕಾದ ಮೇಲೆ ಏನು ತಾನೆ ಕಾಣುತ್ತೆ? ಒಂದು ನ್ಯೂಸ್‌ಪೇಪರ್ ಒಯ್ಯಿರಿ, ಗೋಡೆಗೆ ಹಿಡಿಯಲು ಅವರಿಗೇ ಹೇಳಿ, ಮುಜುಗರ ಬೇಡ. ತಳದ ಸ್ಕ್ರೂ ನೋಡಿ. ಎ7 ಮೊದಲ ಮಾಡೆಲ್ ಆದರೆ ಲೆನ್ಸ್ ಹಾಕಿ ಮೆಲ್ಲಗೆ ಅಲುಗಾಡಿಸಿ ನೋಡಿ, ಅದರ ಮೌಂಟಿನಲ್ಲಿ ಪ್ಲಾಸ್ಟಿಕ್ ಭಾಗ ಇದೆ, ಭಾರದ ಲೆನ್ಸ್ ಹಾಕಿ ಹಾಕಿ ಸಡಿಲ ಆಗಿರಬಹುದು. ಸೀರಿಯಲ್ ನಂಬರ್ ಬರೆಯದ ಬಿಲ್ ಮುಟ್ಟಬೇಡಿ. ಶಟರ್ ಕೌಂಟ್ ತೀರಾ ಕಡಿಮೆ ಇದ್ದರೆ ಇಷ್ಟು ದಿನ ಇದು ಎಲ್ಲಿತ್ತು ಅಂತ ಕೇಳಿ.

ಸರ್ವಿಸ್‌ನವರು ಸೆನ್ಸರ್ ತಟ್ಟೆ, ಕೇಬಲ್ ಎಲ್ಲಾ ಬದಲಿಸಲು ಹೇಳಿದ ಮೊತ್ತಕ್ಕೆ ಇನ್ನಷ್ಟು ಸೇರಿಸಿದರೆ ಬೇರೆ ಬಾಡಿಯೇ ಬರುತ್ತದೆ. ಮಾಡಿಸುತ್ತಿಲ್ಲ. ಮೊನ್ನೆ ಅದೇ ಜಾಹೀರಾತು ಮತ್ತೆ ಬಂದಿದೆ. ಎ7 ಮಾರ್ಕ್ 2, ಶಟರ್ ಕೌಂಟ್ ಕಡಿಮೆ, ‘ವಿಂಟೇಜ್ ಲೆನ್ಸಿಗೆ ಪರ್ಫೆಕ್ಟ್’. ನೋಡಲು ಹೋಗುವುದಿದ್ದರೆ ನನಗೆ ಮೆಸೇಜ್ ಹಾಕಿ. ಗೆಳೆಯನ ಕಿಟ್ ಲೆನ್ಸ್ ತಗೊಂಡು ನಾನೂ ಬರುತ್ತೇನೆ.