ದಿನವಿಡೀ ಮುಂದೆ ಕೂರುವ ಕೋಡ್ ಎಡಿಟರ್ ಹೇಗಿರಬೇಕು?

ಪ್ರೋಗ್ರಾಮಿಂಗ್ ಈಗಷ್ಟೇ ಶುರು ಮಾಡಿದವರು ಕೋಡ್ ಬರೆಯಲು ಯಾವ ಎಡಿಟರ್ ಹಾಕಿಕೊಳ್ಳಲಿ ಎಂದು ಕೇಳಿದರೆ ನಾನು ವಿಎಸ್ ಕೋಡ್ ಎನ್ನುತ್ತೇನೆ. ಆದರೆ ನಾನು ಹೆಚ್ಚು ಹೊತ್ತು ಕೂರುವುದು ಸಬ್ಲೈಮ್ ಟೆಕ್ಸ್ಟ್ ಮುಂದೆ.

ಮುಂಚೆ ಒಂದೊಂದು ಭಾಷೆಗೆ ಒಂದೊಂದು ಎಡಿಟರ್ ಚೆನ್ನಾಗಿ ಹೊಂದುತ್ತಿತ್ತು, ಬೇರೆ ಭಾಷೆಗೆ ಹೋದರೆ ಅರ್ಧ ಸೌಲಭ್ಯ ಇರುತ್ತಿರಲಿಲ್ಲ. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ನಿಯಮಾವಳಿಯನ್ನು ಎಲ್ಲರೂ ಬಳಸಬಹುದಾದ ಹಾಗೆ ಹೊರತಂದಿತು. ತಪ್ಪು ತೋರಿಸುವುದು, ಫಂಕ್ಷನ್ ಹೆಸರು ಪೂರ್ತಿ ಮಾಡುವುದು, ಅದು ಎಲ್ಲಿದೆ ಎಂದು ಹುಡುಕಿಕೊಡುವುದು, ಇಷ್ಟನ್ನೂ ಅದರ ಪ್ರಕಾರ ಹಿಂದೆ ಕೂತ ಬೇರೊಂದು ಪ್ರೋಗ್ರಾಂ ಮಾಡುತ್ತದೆ, ಎಡಿಟರ್ ಅದನ್ನು ಕೇಳಿ ತೋರಿಸುತ್ತದೆ ಅಷ್ಟೇ. ನಿಯೋವಿಮ್ ಎಂಬ ಎಡಿಟರ್‌ನಲ್ಲಿ 2021ರ 0.5 ಆವೃತ್ತಿಯಿಂದ ಇದು ಒಳಗೇ ಇದೆ, ಸಬ್ಲೈಮ್‌ಗೆ ಇದು ಒಂದು ಪ್ಯಾಕೇಜ್ ಆಗಿ ಸಿಗುತ್ತದೆ. ಹಾಗಾಗಿ ಈಗ ಸೌಲಭ್ಯಗಳ ಪಟ್ಟಿ ಹಿಡಿದು ಹೋಲಿಸುವುದಕ್ಕಿಂತ ಕೈಗೆ ಹೇಗಿದೆ ಎಂದು ನೋಡುವುದೇ ಮುಖ್ಯ ಅಲ್ವಾ?

ಕೈಗೆ ಅಂದರೆ ಏನು? ಕೀ ಒತ್ತಿದ ತಕ್ಷಣ ಅಕ್ಷರ ಬರಬೇಕು. ಪ್ರೋಗ್ರಾಂ ಮಾಡಿದ್ದೆಲ್ಲ ಸಾಲುಸಾಲಾಗಿ ದಾಖಲಾಗುವ ದೊಡ್ಡ ಲಾಗ್ ಫೈಲ್ ತೆರೆದರೂ ತಡವರಿಸಬಾರದು. ಮೌಸ್ ಮುಟ್ಟದೆ ಫೈಲಿಂದ ಫೈಲಿಗೆ ಹೋಗುವಂತಿರಬೇಕು. ಇದರಲ್ಲಿ ಸಬ್ಲೈಮ್ ನನಗೆ ತುಂಬಾ ಇಷ್ಟ. ವಿಎಸ್ ಕೋಡ್ ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ಕಟ್ಟಿದ್ದು, ಒಳಗೆ ಒಂದು ಬ್ರೌಸರ್ ಇದ್ದ ಹಾಗೆ, ಅದಕ್ಕೇ ಮೆಮೊರಿ ಜಾಸ್ತಿ ಬೇಕು.

ಒಮ್ಮೆ ವಿಎಸ್ ಕೋಡ್‌ನಲ್ಲಿ ನಾನು ಟೈಪ್ ಮಾಡಿದ್ದು ಅರ್ಧ ಸೆಕೆಂಡ್ ತಡವಾಗಿ ಕಾಣಿಸತೊಡಗಿತು, ಎಡಿಟರೇ ಸರಿಯಿಲ್ಲ ಎಂದುಕೊಂಡು ಬದಲಿಸಲು ಹೊರಟಿದ್ದೆ, ಆಮೇಲೆ ಆದೇಶಗಳನ್ನು ಹುಡುಕುವ ಕಮಾಂಡ್ ಪ್ಯಾಲೆಟ್‌ನಲ್ಲಿ 'ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್' ಕಣ್ಣಿಗೆ ಬಿತ್ತು. ಅದು ನಾವು ಹಾಕಿಕೊಂಡ ಎಕ್ಸ್‌ಟೆನ್ಶನ್‌ಗಳಲ್ಲಿ, ಅಂದರೆ ಹೆಚ್ಚುವರಿ ಸೌಲಭ್ಯಗಳಲ್ಲಿ, ಅರ್ಧವನ್ನು ಆಫ್ ಮಾಡಿ ತೊಂದರೆ ಇನ್ನೂ ಇದೆಯಾ ಎಂದು ಕೇಳುತ್ತದೆ, ಹೀಗೆ ಅರ್ಧರ್ಧ ಮಾಡುತ್ತಾ ಕೊನೆಗೆ ಒಂದನ್ನು ಹಿಡಿದುಕೊಡುತ್ತದೆ. ಸುಮ್ನೆ ಹಾಕಿಕೊಂಡು ಮರೆತಿದ್ದ, ಕೋಡಿನ ಸಾಲು, ಜಾಗ ಒಪ್ಪ ಮಾಡುವ ಒಂದು ಫಾರ್ಮ್ಯಾಟರ್ ಅದು. ತೆಗೆದ ಮೇಲೆ ಎಲ್ಲ ಸರಿಹೋಯಿತು. ಎಡಿಟರ್ ನಿಧಾನ ಎಂದು ಬೇಸರವಾದರೆ ಮೊದಲು ಇದನ್ನು ಮಾಡಿ ನೋಡಿ.

ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲೇ, ಓಡುವ ವಿಮ್ ಎಡಿಟರ್ ಬಗ್ಗೆ ಒಂದೇ ಮಾತು: ಅದನ್ನು ಕಲಿಸುವ ವಿಮ್‌ಟ್ಯೂಟರ್ ಎಂಬ ಪಾಠ ಇದೆ, ಸುಮಾರು ಅರ್ಧ ಗಂಟೆಯದು. ದೂರದ ಸರ್ವರ್‌ನಲ್ಲಿ ಒಂದು ಸಾಲು ತಿದ್ದಬೇಕಾದಾಗ ಅಷ್ಟು ಕಲಿತಿದ್ದರೂ ಸಾಕಾಗುತ್ತದೆ.

ಒಗ್ಗಿಹೋದ ಎಡಿಟರೇ ಒಂದು ದಿನ ನಿಂತುಹೋದರೆ ಎಂಬ ಭಯವೂ ನಿಜ. ಆಟಮ್ ಎಷ್ಟೋ ಜನರಿಗೆ ಪ್ರೀತಿಯ ಎಡಿಟರ್ ಆಗಿತ್ತು, 2022ರ ಡಿಸೆಂಬರ್ 15ಕ್ಕೆ ಅದನ್ನು ತಯಾರಿಸಿದ ಗಿಟ್‌ಹಬ್ ಕಂಪನಿಯೇ ಅದನ್ನು ನಿಲ್ಲಿಸಿತು. ನಾನಂತೂ ಫಾರ್ಮ್ಯಾಟಿಂಗ್ ನಿಯಮಗಳನ್ನು ಎಡಿಟರ್ ಒಳಗೆ ಬಿಡದೆ, ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ, ಬೇರೆ ಬೇರೆ ಎಡಿಟರ್‌ಗಳು ಓದಬಲ್ಲ ಎಡಿಟರ್‌ಕಾನ್ಫಿಗ್ ಫೈಲ್‌ನಲ್ಲಿ ಬರೆದಿಡುತ್ತೇನೆ. ಎಡಿಟರ್ ಬದಲಾದರೂ ಟ್ಯಾಬ್, ಸ್ಪೇಸ್ ಹಾಗೇ ಉಳಿಯುತ್ತದೆ.

ಸಬ್ಲೈಮ್‌ಗೆ ಲೈಸೆನ್ಸ್ ಕೊಳ್ಳಬೇಕು, ಆದರೆ ಪರೀಕ್ಷಿಸಿ ನೋಡಲು ದಿನದ ಮಿತಿ ಇಲ್ಲ, ಆಗಾಗ ಕೊಳ್ಳಿ ಎಂಬ ಕಿಟಕಿ ಬರುತ್ತದೆ. ನಿಮ್ಮದೇ ಪ್ರಾಜೆಕ್ಟ್ ತೆರೆದು ಒಂದು ವಾರ ಕೆಲಸ ಮಾಡಿ ನೋಡಿ. ಡೀಬಗ್ ಮಾಡುವುದಕ್ಕೆ, ಅಂದರೆ ಕೋಡ್‌ನ ತಪ್ಪು ಹುಡುಕುವುದಕ್ಕೆ, ಮಾತ್ರ ನನಗೆ ಸಬ್ಲೈಮ್ ಸಾಲುವುದಿಲ್ಲ, ಆಗ ಅದೇ ಫೋಲ್ಡರ್ ಅನ್ನು ವಿಎಸ್ ಕೋಡ್‌ನಲ್ಲಿ ತೆರೆದು, ಪ್ರೋಗ್ರಾಂ ಬೇಕಾದ ಸಾಲಿನಲ್ಲಿ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಇಡುತ್ತೇನೆ.