ಇಂಡೆಕ್ಸ್ ಫೈಲ್ ಒಳಗೆ ಇಣುಕೋಕೆ ಯಾವ್ದು ಚೆನ್ನ? ಎಕ್ಸ್‌ಎಕ್ಸ್‌ಡಿ, ಎಚ್‌ಎಕ್ಸ್‌ಡಿ, ಇಮ್‌ಹೆಕ್ಸ್, ಪೈಥಾನ್, ನಾಲ್ಕೂ ಹಿಡಿದು ನೋಡ್ದೆ

ಮೈಸೂರಲ್ಲಿ ಹೆಬ್ಬಾಳದ ಕಡೆ ನಮ್ ಆಫೀಸು, ಕೆಲಸ ಅಂದ್ರೆ ಬಿಲ್ಲು, ಸ್ಟೇಟ್‌ಮೆಂಟು ಎಲ್ಲಾ ಆರ್ಕೈವ್‌ಗೆ ಲೋಡ್ ಮಾಡೋದು. ರಾತ್ರಿ ಬ್ಯಾಚ್ ಓಡತ್ತೆ, ಬೆಳಗ್ಗೆ ಬಂದು ಸಿಸ್ಟಮ್ ಆನ್ ಮಾಡಿದ್ರೆ ಎಲ್ಲಾ ಒಳಗೆ ಹೋಗಿರ್ಬೇಕು. ಹೋದ ತಿಂಗಳು ಒಂದು ಹೊಸಾ ಕಾಟ ಶುರುವಾಯ್ತು, ಹತ್ತು ಹನ್ನೆರಡು ಬಿಲ್ ಇರೋ ಸಣ್ಣ ಬ್ಯಾಚ್ ಸಲೀಸಾಗಿ ಲೋಡ್ ಆಗತ್ತೆ, ದೊಡ್ಡದು ಹಾಕಿದ್ರೆ ಫೇಲ್, ಲಾಗಲ್ಲಿ ನೋಡಿದ್ರೆ ಇಂಡೆಕ್ಸ್ ಸರಿಯಿಲ್ಲ ಅಂತ ಒಂದೇ ಲೈನು, ಎಲ್ಲಿ ಸರಿಯಿಲ್ಲ ಏನ್ ಸರಿಯಿಲ್ಲ ಒಂದೂ ಹೇಳಲ್ಲ. ಆಗ ಫೈಲ್ ಬಿಚ್ಚಿ ಬೈಟ್ ಬೈಟ್ ಓದೋದು ಬಿಟ್ರೆ ಬೇರೆ ದಾರಿ ಇರ್ಲಿಲ್ಲ. ಮೇಲೆ ಹೇಳಿದ್ರಲ್ಲಿ ಮೊದಲ ಮೂರು ಫೈಲಿನ ಬೈಟುಗಳನ್ನ ಹಾಗ್ಹಾಗೇ ತೋರಿಸೋ ಟೂಲ್‌ಗಳು, ಪೈಥಾನ್ ಪ್ರೋಗ್ರಾಮ್ ಬರೆಯೋ ಭಾಷೆ.

ಮೊದ್ಲು ಫೈಲ್ ಹೇಗಿರತ್ತೆ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಹೋಲಿಕೆ ಅರ್ಥ ಆಗಲ್ಲ. ನಮ್ಮದು ಎಎಫ್‌ಪಿ, ಅಂದ್ರೆ ಬಿಲ್ಲು, ಸ್ಟೇಟ್‌ಮೆಂಟು ರಾಶಿಗಟ್ಟಲೆ ಪ್ರಿಂಟ್ ಮಾಡೋಕೆ ಬಳಸೋ ಫಾರ್ಮ್ಯಾಟು. ಬಿಲ್ಲುಗಳೆಲ್ಲಾ ಒಂದು ಫೈಲಲ್ಲಿ ಸಾಲಾಗಿ ಇರತ್ವೆ, ಇಂಡೆಕ್ಸ್ ಫೈಲಲ್ಲಿ ಯಾವ ಅಕೌಂಟ್ ನಂಬರಿನ ಬಿಲ್ಲು ಎಷ್ಟನೇ ಬೈಟಿಂದ ಶುರು, ಎಷ್ಟು ಉದ್ದ ಅಂತ ಇರತ್ತೆ. ಬೈಟುಗಳನ್ನೆಲ್ಲಾ ಹೆಕ್ಸಲ್ಲಿ, ಅಂದ್ರೆ ಹದಿನಾರರ ಲೆಕ್ಕದಲ್ಲಿ ಬರೀತೀನಿ. ಪ್ರತಿ ರೆಕಾರ್ಡೂ 5ಎ ಅನ್ನೋ ಬೈಟಿಂದ ಶುರು, ಆಮೇಲೆ ಎರಡು ಬೈಟು ಉದ್ದ, ಆಮೇಲೆ ಮೂರು ಬೈಟು ಅದು ಯಾವ ಜಾತಿ ರೆಕಾರ್ಡು ಅಂತ. ಫೈಲ್ ತಲೆಯಲ್ಲಿ 5ಎ 00 10 ಡಿ3 ಎ8 ಎ7 ಅಂತ ಕಂಡ್ರೆ ಅದು ಇಂಡೆಕ್ಸ್ ಶುರು ಅನ್ನೋ ಗುರುತು, 00 10 ಅಂದ್ರೆ 16 ಬೈಟು. ಆದ್ರೆ ಹುಷಾರು, ಆ 16ರಲ್ಲಿ 5ಎ ಸೇರಿಲ್ಲ, ಮುಂದಿನ ರೆಕಾರ್ಡ್‌ಗೆ ಹೋಗೋಕೆ 17 ಎಣಿಸ್ಬೇಕು. ಡಿ3 ಬಿ2 ಎ7 ಅಂದ್ರೆ ಬಿಲ್ಲಿನ ಜಾಗ ಹೇಳೋ ರೆಕಾರ್ಡು, ಡಿ3 ಎ0 90 ಅಂದ್ರೆ ಹೆಸರು, ನಂಬರು, ತಾರೀಖು ಇರೋದು. ಅಕ್ಷರಗಳು ನಮ್ ಪಿಸಿಗಳ ಆಸ್ಕಿ ಕೋಡಲ್ಲಿ ಇರಲ್ಲ, ಮೇನ್‌ಫ್ರೇಮಿನ ಎಬ್ಸಿಡಿಕ್ ಕೋಡಲ್ಲಿ ಇರತ್ವೆ, ಅಲ್ಲಿ ಸೊನ್ನೆಯಿಂದ ಒಂಬತ್ತು ಅಂದ್ರೆ ಎಫ್0ಯಿಂದ ಎಫ್9.

ಮೊದ್ಲು ಎಕ್ಸ್‌ಎಕ್ಸ್‌ಡಿ ಹಿಡಿದೆ, ಯಾಕಂದ್ರೆ ಸರ್ವರಲ್ಲಿ ಹೊಸದೇನೂ ಹಾಕೋಕೆ ನಮಗೆ ಪರ್ಮಿಷನ್ ಇಲ್ಲ, ಇದು ವಿಮ್ ಅನ್ನೋ ಎಡಿಟರ್ ಜೊತೆಗೇ ಬರತ್ತೆ. ಮೈನಸ್ ದೊಡ್ಡ ಇ ಹಾಕಿದ್ರೆ ಬಲಗಡೆ ಕಾಲಮ್ಮು ಎಬ್ಸಿಡಿಕ್ಕಲ್ಲಿ ತೋರಿಸತ್ತೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದು ಹಾಕಿದ ತಕ್ಷಣ ಕಸದ ಥರ ಕಾಣ್ತಿದ್ದ ಜಾಗದಲ್ಲಿ ಅಕೌಂಟ್ ನಂಬರು ಸಾಲಾಗಿ ಕಾಣಿಸ್ತು, ಅಷ್ಟೇ ಸಾಕು ಅನ್ನಿಸ್ಬಿಡ್ತು. ಮೈನಸ್ ಎಸ್ ಕೊಟ್ಟು ಎಲ್ಲಿಂದ, ಮೈನಸ್ ಎಲ್ ಕೊಟ್ಟು ಎಷ್ಟು ಅಂತ ಹೇಳಬಹುದು, ಫೈಲ್ ಎಷ್ಟೇ ದೊಡ್ಡದಿದ್ರೂ ತೊಂದ್ರೆ ಇಲ್ಲ. ಇದೇ ಥರದ ಹೆಕ್ಸ್‌ಡಂಪ್ ಕಮ್ಯಾಂಡ್ ಬಳಸೋರು ಇದ್ರೆ ದಯವಿಟ್ಟು ಮೈನಸ್ ದೊಡ್ಡ ಸಿ ಹಾಕ್ಕೊಂಡೇ ಬಳಸಿ, ಬರೀ ಹೆಕ್ಸ್‌ಡಂಪ್ ಅಂದ್ರೆ ನಮ್ ಮಾಮೂಲಿ ಮೆಷಿನ್‌ಗಳಲ್ಲಿ ಎರಡೆರಡು ಬೈಟು ತಿರುಗಿಸಿ ತೋರಿಸತ್ತೆ, 5ಎ 00 ಇದ್ದಿದ್ದು 005ಎ ಅಂತ ಕಾಣತ್ತೆ, ಅದನ್ನ ನೋಡಿ ಫೈಲೇ ಕೆಟ್ಟಿದೆ ಅಂತ ಮೇಲ್ ಹಾಕಿದೋರನ್ನ ನೋಡಿದೀನಿ.

ಆದ್ರೆ ಎಕ್ಸ್‌ಎಕ್ಸ್‌ಡಿ ತೋರಿಸತ್ತೆ ಅಷ್ಟೇ, ಎಣಿಸಲ್ಲ. ಒಂದು ರೆಕಾರ್ಡಿನ ಉದ್ದ ನೋಡು, ಕೂಡಿಸು, ಮುಂದಕ್ಕೆ ಹೋಗು, ಮತ್ತೆ ನೋಡು, ಹೀಗೆ ಪೇಪರಲ್ಲಿ ಬರ್ಕೊಂಡು ಎರಡು ಗಂಟೆ ಕೂತೆ, ಮೂವತ್ತು ನಲವತ್ತು ರೆಕಾರ್ಡ್ ದಾಟೋ ಹೊತ್ತಿಗೆ ಕಣ್ಣು ಉರಿ ಬಂತು. ಫೈಲಲ್ಲಿ ಇದ್ದಿದ್ದು ಸಾವಿರಾರು.

ಎಚ್‌ಎಕ್ಸ್‌ಡಿ ವಿಂಡೋಸಲ್ಲಿ ಮಾತ್ರ, ಫ್ರೀ, ಹಗುರ. ಮೇಲ್ಗಡೆ ಅಕ್ಷರದ ಸೆಟ್ಟು ಎಬ್ಸಿಡಿಕ್ ಅಂತ ಆರಿಸ್ಕೋಬಹುದು, ಡಿ3 ಎ0 90 ಅಂತ ಹೆಕ್ಸಲ್ಲೇ ಸರ್ಚ್ ಕೊಡ್ಬಹುದು. ಪಕ್ಕದ ಡೇಟಾ ಇನ್‌ಸ್ಪೆಕ್ಟರಲ್ಲಿ ಬಿಗ್ ಎಂಡಿಯನ್, ಅಂದ್ರೆ ದೊಡ್ಡ ಬೆಲೆಯ ಬೈಟು ಮೊದ್ಲು ಅನ್ನೋದನ್ನ ಟಿಕ್ ಮಾಡ್ಕೊಳ್ಳಿ, ಇಲ್ಲಾಂದ್ರೆ 16 ಅಂತ ಓದ್ಬೇಕಾಗಿದ್ದು 4096 ಅಂತ ಬರತ್ತೆ. ಒಳ್ಳೇ ಫೈಲು ಕೆಟ್ಟ ಫೈಲು ಎರಡೂ ಕೈಯಲ್ಲಿದ್ರೆ ಕಂಪೇರ್ ಕೊಟ್ರೆ ಮೊದಲ ವ್ಯತ್ಯಾಸಕ್ಕೆ ಒಂದೇ ಸಲಕ್ಕೆ ಹೋಗಿ ನಿಲ್ಲತ್ತೆ, ಆದ್ರೆ ಮಧ್ಯೆ ಒಂದು ಬೈಟು ಜಾಸ್ತಿ ಸೇರ್ಕೊಂಡಿದ್ರೆ ಅಲ್ಲಿಂದ ಮುಂದೆ ಎಲ್ಲಾನೂ ವ್ಯತ್ಯಾಸನೇ, ಆಮೇಲೆ ಆ ಬಟನ್ ಒತ್ತಿ ಪ್ರಯೋಜನ ಇಲ್ಲ. ಇನ್ನೊಂದು, ಇದು ಎಡಿಟರು, ಕೈ ತಪ್ಪಿ ಒಂದು ಕೀ ಒತ್ತಿ ಸೇವ್ ಆಯ್ತು ಅಂದ್ರೆ ಸಾಕ್ಷಿನೇ ಹೋಯ್ತು, ಅದಕ್ಕೆ ಕಾಪಿ ಮಾಡ್ಕೊಂಡು ಕಾಪಿನೇ ಓಪನ್ ಮಾಡಿ.

ಇಮ್‌ಹೆಕ್ಸ್ ನೋಡೋಕೆ ತುಂಬಾ ಚೆಂದ. ಅದರಲ್ಲಿ ರೆಕಾರ್ಡಿನ ರಚನೆ ಸಿ ಥರದ ಒಂದು ಭಾಷೇಲಿ ಬರೆದು ಕೊಟ್ರೆ ಫೈಲಿಗೆಲ್ಲಾ ಬಣ್ಣ ಬಳಿದು ತೋರಿಸತ್ತೆ, ಉದ್ದ ಒಂದು ಬಣ್ಣ, ಜಾತಿ ಒಂದು ಬಣ್ಣ, ಡೇಟಾ ಒಂದು ಬಣ್ಣ. ಎಲ್ಲಿ ಕೆಟ್ಟಿದ್ಯೋ ಅಲ್ಲಿವರೆಗೂ ನೀಟಾಗಿ ಬಂದ ಬಣ್ಣ ಅಲ್ಲಿಂದ ಚೆಲ್ಲಾಪಿಲ್ಲಿ ಆಗತ್ತೆ, ಕಣ್ಣಿಗೇ ಗೊತ್ತಾಗತ್ತೆ. ಆದ್ರೆ ಪ್ಯಾಟರ್ನ್ ಬರೆಯೋಕೆ ನಂಗೆ ಅರ್ಧ ದಿನ ಹಿಡೀತು, ದೊಡ್ಡ ಫೈಲಿಗೆ ಲಿಮಿಟ್ ಏರಿಸ್ಬೇಕಾಯ್ತು, ಆಫೀಸಿನ ಹಳೇ ಡೆಸ್ಕ್‌ಟಾಪಲ್ಲಿ ಗ್ರಾಫಿಕ್ಸ್ ಸಾಲದೆ ಎಳೀತಿತ್ತು. ಇದೇ ಥರ ರಚನೆ ಬರೆದು ಕೊಡೋ ಕೈತಾಯ್ ಸ್ಟ್ರಕ್ಟ್ ಅನ್ನೋ ಟೂಲ್ ಬಗ್ಗೆನೂ ಓದ್ದೆ, ಪೂರ್ತಿ ಟ್ರೈ ಮಾಡಿಲ್ಲ, ಹಾಗಾಗಿ ಅದ್ರ ಮೇಲೆ ತೀರ್ಪು ಕೊಡಲ್ಲ.

ಕೊನೆಗೆ ಪೈಥಾನು. ಇಪ್ಪತ್ತು ಲೈನು ಅಷ್ಟೇ. ಒಂದು ಬೈಟ್ ಓದು, 5ಎ ಹೌದಾ ನೋಡು, ಎರಡು ಬೈಟ್ ಓದಿ ಸ್ಟ್ರಕ್ಟ್ ಮಾಡ್ಯೂಲಲ್ಲಿ ಬಿಗ್ ಎಂಡಿಯನ್ ಅಂತ ಹೇಳಿ ಉದ್ದ ತಗೋ, ಅಷ್ಟರಲ್ಲಿ ಎರಡು ಕಳೆದು ಉಳಿದಿದ್ದು ಓದು, ಮತ್ತೆ ಮೊದಲಿಂದ. 5ಎ ಸಿಗ್ಲಿಲ್ಲ ಅಂದ್ರೆ ಆ ಜಾಗನೂ ಅದರ ಹಿಂದಿನ ರೆಕಾರ್ಡಿನ ಜಾತಿನೂ ಪ್ರಿಂಟ್ ಮಾಡಿ ನಿಂತ್ಕೋ. ಅಕ್ಷರ ಬೇಕು ಅಂದ್ರೆ ಸಿಪಿ500 (ಎಬ್ಸಿಡಿಕ್ಕಿನ ಒಂದು ಬಗೆ) ಅಂತ ಡಿಕೋಡ್ ಕೊಟ್ರೆ ಆಯ್ತು. ಓಡಿಸಿದ ತಕ್ಷಣ ಜಾಗ ಸಿಕ್ತು, ಹಿಂದಿನದು ಡಿ3 ಬಿ2 ಎ7. ಅಲ್ಲಿಗೆ ಎಕ್ಸ್‌ಎಕ್ಸ್‌ಡಿ ಹಾಕ್ದೆ. ಮಂಡ್ಯದಿಂದ ದಿನಾ ಟ್ರೈನಲ್ಲಿ ಬರೋ ನಮ್ ಟೀಮಿನ ಹುಡುಗ ಪಕ್ಕದಲ್ಲಿ ನಿಂತಿದ್ದ, ಅವನೇ ಮೊದ್ಲು ನೋಡಿದ್ದು, "ಅಣ್ಣ, 5ಎ ಇಲ್ಲೇ ಐತೆ ನೋಡಣ್ಣ, ಒಂದೇ ಒಂದು ಬೈಟ್ ಮುಂದಕ್ಕೆ ಹೋಗೈತೆ" ಅಂದ.

ಹಿಂದಕ್ಕೆ ಬಂದು ನೋಡಿದ್ರೆ 06 2ಡಿ 00 03 0ಡಿ 0ಎ 5ಸಿ. 2ಡಿ ಅಂದ್ರೆ ಬಿಲ್ಲು ಶುರುವಾಗೋ ಜಾಗ, 06 ಅಂದ್ರೆ ಒಟ್ಟು ಆರು ಬೈಟು, ಅಂದ್ರೆ ಜಾಗಕ್ಕೆ ನಾಲ್ಕು ಬೈಟು ಇರ್ಬೇಕು, ಇಲ್ಲಿ ಐದಿದೆ. ಇರ್ಬೇಕಾಗಿದ್ದು 00 03 0ಎ 5ಸಿ, ಅಂದ್ರೆ 199260. ಕೆಟ್ಟಿದ್ದನ್ನ ಹಾಗೇ ಓದಿದ್ರೆ 199946 ಆಗತ್ತೆ, ಬಿಲ್ಲಿನ ಮಧ್ಯಕ್ಕೆ ಹೋಗಿ ಬೀಳತ್ತೆ. ಲೋಡ್ ಫೇಲ್ ಆಗಿದ್ದೇ ಒಳ್ಳೇದಾಯ್ತು ಅಂತ ನಂಗೆ ನಿಜವಾಗ್ಲೂ ಅನ್ನಿಸ್ತು, ತಪ್ಪು ಜಾಗ ಇಟ್ಕೊಂಡು ಒಳಗೆ ಹೋಗಿದ್ರೆ ಬಿಲ್ ಹುಡುಕೋ ಮನುಷ್ಯನಿಗೆ ಏನ್ ಸಿಗ್ತಿತ್ತು ಹೇಳಿ.

0ಡಿ 0ಎ ಅನ್ನೋದು ವಿಂಡೋಸ್ ಟೆಕ್ಸ್ಟಲ್ಲಿ ಲೈನ್ ಮುಗಿಯೋ ಗುರುತು. ಎಬ್ಸಿಡಿಕ್ಕಲ್ಲಿ ಅದಕ್ಕೆ 15 ಇಲ್ಲಾ 25, ಹಾಗಾಗಿ ಇದು ದಾರಿಯಲ್ಲಿ ಯಾರೋ ಸೇರಿಸಿದ್ದು ಅಂತ ಗ್ಯಾರಂಟಿ ಆಯ್ತು. ಫೈಲ್ ತರಿಸೋ ಎಫ್‌ಟಿಪಿ ಸ್ಕ್ರಿಪ್ಟ್ ತೆಗೆದು ನೋಡಿದ್ರೆ ಬಿಲ್ ಫೈಲು ಬೈನರಿ ಮೋಡಲ್ಲಿ ಬರ್ತಿದೆ, ಇಂಡೆಕ್ಸ್ ಮಾತ್ರ ಆಸ್ಕಿ ಮೋಡಲ್ಲಿ, ಅಂದ್ರೆ ಟೆಕ್ಸ್ಟ್ ಅಂದ್ಕೊಂಡು 0ಎ ಕಂಡಲ್ಲೆಲ್ಲಾ ಅದರ ಮುಂಚೆ ಒಂದು 0ಡಿ ಸೇರ್ಕೊಳ್ತಿತ್ತು. ಬೇರೆ ಒಂದು ಥರದ ಇಂಡೆಕ್ಸ್ ಫೈಲು ನಿಜವಾಗ್ಲೂ ಟೆಕ್ಸ್ಟೇ ಇರತ್ತೆ, ಎಕ್ಸ್‌ಟೆನ್ಷನ್ನೂ ಅದೇ, ಯಾವ್ದೋ ಕಾಲದಲ್ಲಿ ಅದನ್ನ ನೋಡಿ ಹಾಗೆ ಬರೆದಿದ್ದಾರೆ. ಸಣ್ಣ ಬ್ಯಾಚಲ್ಲಿ ಜಾಗದ ನಂಬರುಗಳು ಕಮ್ಮಿ, ಅದರಲ್ಲಿ 0ಎ ಬೈಟು ಬರ್ದೇ ಇದ್ರೆ ಸೇರಿಸೋಕೂ ಏನಿಲ್ಲ, ಅದಕ್ಕೇ ಅವು ಪಾಸ್ ಆಗ್ತಿದ್ವು. ಹೆಚ್ಚುವರಿ 0ಡಿ ಕಿತ್ತು ಹಾಕಿ ರಿಪೇರಿ ಮಾಡೋಣ ಅಂತ ಒಬ್ರು ಹೇಳಿದ್ರು, ನಾನು ಒಪ್ಪಲಿಲ್ಲ, ಮೂಲ ಫೈಲು ಇರೋವಾಗ ಊಹೆ ಮೇಲೆ ಯಾಕೆ ತಿದ್ಬೇಕು, ಬೈನರಿ ಮೋಡಲ್ಲಿ ಮತ್ತೆ ತರಿಸಿದ್ವಿ, ಲೋಡ್ ಆಯ್ತು.

ಈಗ ನಾನು ಮೊದ್ಲು ಪೈಥಾನ್ ಸ್ಕ್ರಿಪ್ಟ್ ಓಡಿಸ್ತೀನಿ, ಅದು ಕೊಟ್ಟ ಜಾಗಕ್ಕೆ ಎಕ್ಸ್‌ಎಕ್ಸ್‌ಡಿ ಹಾಕ್ತೀನಿ, ಇವೆರಡು ಸಾಕು. ಎಚ್‌ಎಕ್ಸ್‌ಡಿ ಒಳ್ಳೇ ಕಾಪಿ ಸಿಕ್ಕಾಗ ಮಾತ್ರ. ಇಮ್‌ಹೆಕ್ಸನ್ನ ನಾನು ಬಳಸೋದು ಕಮ್ಮಿ, ಆದ್ರೆ ಆ ಪ್ಯಾಟರ್ನ್ ಫೈಲನ್ನ ಮಂಡ್ಯ ಹುಡುಗನ ಲ್ಯಾಪ್‌ಟಾಪಿಗೆ ಹಾಕಿ ಕೊಟ್ಟಿದೀನಿ, ಬಣ್ಣ ನೋಡ್ಕೊಂಡು ಅವನು ರೆಕಾರ್ಡ್ ಜಾತಿಗಳನ್ನ ಎರಡೇ ದಿನದಲ್ಲಿ ಕಲ್ತ.